ಬಸುರಿಗೆ, ಬಾಣಂತಿಗೆ ವ್ಯಸನದ ಚಿಕಿತ್ಸೆ: ಯಾವ ದಾರಿ ಯಾರಿಗೆ ಹೊಂದುತ್ತದೆ?

ನನ್ನ ಅಕ್ಕ ಒಮ್ಮೆ ವ್ಯಸನಮುಕ್ತಿ ಕೇಂದ್ರದ ಕೌಂಟರ್ ತನಕ ಹೋಗಿ ವಾಪಸ್ ಬಂದಳು. ಸೊಂಟದ ಮೇಲೆ ಒಂದೂವರೆ ವರ್ಷದ ಮಗ, ಹೊಟ್ಟೆಯಲ್ಲಿ ಐದು ತಿಂಗಳು. ಮೊದಲ ಹೆರಿಗೆಯ ನಂತರ ಬೆನ್ನುನೋವಿಗೆ ಅಂತ ಶುರುವಾದ ಒಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ನೋವು ನಿವಾರಕ) ಮಾತ್ರೆ ಒಂದು ವರ್ಷದಿಂದ ಅವಳನ್ನು ಬಿಟ್ಟಿರಲಿಲ್ಲ. ತಾನೇ ಮನಸ್ಸು ಮಾಡಿ, ತಾನೇ ಬಟ್ಟೆ ಮಡಚಿ ಚೀಲ ತುಂಬಿಸಿದ್ದಳು. ಚೀಲದ ಮೇಲ್ಗಡೆ ಮಗನ ಹಾಲಿನ ಬಾಟಲಿ ಇಣುಕುತ್ತಿತ್ತು. ಕೌಂಟರಿನಲ್ಲಿದ್ದವರು ಆ ಬಾಟಲಿ ನೋಡಿ, "ಇಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವುದಿಲ್ಲ. ಯಾರ ಹತ್ತಿರಾದರೂ ಬಿಟ್ಟು ಬನ್ನಿ" ಅಂದರು. ಒರಟಾಗಿ ಏನೂ ಹೇಳಲಿಲ್ಲ. ಅಕ್ಕ ಮಾತಾಡದೆ ಚೀಲ ಎತ್ತಿಕೊಂಡಳು. ಮತ್ತೆ ಚಿಕಿತ್ಸೆಯ ಮಾತು ತೆಗೆಯಲು ನಮಗೆ ಎರಡು ತಿಂಗಳು ಬೇಕಾಯಿತು.

ಆ ಎರಡು ತಿಂಗಳು ಹಾಳಾಗಿದ್ದು ಅವಳಿಗೆ ಮನಸ್ಸಿಲ್ಲದೆ ಅಲ್ಲ. ನಾವು ಜಾಗ ಆರಿಸುವಾಗ ತಪ್ಪಾದ ಪ್ರಶ್ನೆ ಕೇಳಿದ್ದೆವು. "ಒಳ್ಳೆಯ ಕೇಂದ್ರ ಯಾವುದು?" ಅಂತ ಹತ್ತು ಜನರನ್ನು ಕೇಳಿದ್ದೆವು. "ಅಲ್ಲಿ ಸೇರಿದರೆ ಮಗು ಎಲ್ಲಿರುತ್ತದೆ?" ಅಂತ ಒಬ್ಬರನ್ನೂ ಕೇಳಿರಲಿಲ್ಲ. ಬಸುರಿಗೆ, ಚಿಕ್ಕ ಮಕ್ಕಳ ತಾಯಿಗೆ ಚಿಕಿತ್ಸೆ ಹುಡುಕುವವರು ಈ ಎರಡನೇ ಪ್ರಶ್ನೆಯಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಎಲ್ಲ ಆಯ್ಕೆಗಳನ್ನೂ ಆ ಪ್ರಶ್ನೆ ಇಟ್ಟುಕೊಂಡೇ ಹೋಲಿಸಿದ್ದೇನೆ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದನ್ನು ಮಾತ್ರ ಅವಳನ್ನು ಪರೀಕ್ಷೆ ಮಾಡುವ ಡಾಕ್ಟರೇ ತೀರ್ಮಾನಿಸಬೇಕು.

"ಇವತ್ತೇ ಬಿಟ್ಟುಬಿಡು" ಅನ್ನುವ ಮುಂಚೆ

ಹೆಂಗಸೊಬ್ಬಳು ಬಸುರಿ ಅಂತ ಗೊತ್ತಾದ ದಿನ ಮನೆಯವರ ಬಾಯಲ್ಲಿ ಮೊದಲು ಬರುವ ಮಾತೇ ಇದು. ತಂಬಾಕಿನ ವಿಷಯದಲ್ಲಿ ಇದು ಸರಿಯಾದ ಮಾತು. ಆದರೆ ದಿನಾ ಜಾಸ್ತಿ ಕುಡಿಯುವವಳಿಗೆ ಈ ಮಾತು ಪ್ರಾಣಕ್ಕೇ ಕುತ್ತು ತರಬಹುದು.

ಅಭ್ಯಾಸವಾದ ಮದ್ಯ ಒಮ್ಮೆಲೇ ನಿಂತರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರು, ನಾಲ್ಕನೇ ದಿನದ ಹೊತ್ತಿಗೆ ಬುದ್ಧಿಭ್ರಮೆಯೂ ಆಗಬಹುದು. ಬಸುರಿಯಾದರೆ ಅಪಾಯ ಇಬ್ಬರಿಗೂ. ಹಾಗಾಗಿ ಮದ್ಯದ ಅವಲಂಬನೆ ಇರುವ ಬಸುರಿಗೆ ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸ್ವಲ್ಪ ದಿನದ ಮಟ್ಟಿಗೆ ನರಗಳನ್ನು ಶಾಂತಗೊಳಿಸುವ ಬೆಂಜೋಡಯಜಪೈನ್ ಗುಂಪಿನ ಔಷಧಿ ಕೊಟ್ಟು ವಿತ್‌ಡ್ರಾಯಲ್ (ಬಿಟ್ಟಾಗ ದೇಹಕ್ಕೆ ಬರುವ ಈ ತೊಂದರೆಗಳು) ದಾಟಿಸುತ್ತಾರೆ. ಮದ್ಯ ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಗರ್ಭಿಣಿಗೆ ಕೊಡಬಾರದು. ಗುಟ್ಟಾಗಿ ಊಟದಲ್ಲಿ ಬೆರೆಸುವ ಯೋಚನೆ ಯಾರಿಗಾದರೂ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ.

ಮದ್ಯ ಗರ್ಭದ ಮಗುವಿಗೆ ಮಾಡುವ ಹಾನಿಗೆ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಅಂತ ಹೆಸರು ಬಿದ್ದಿದ್ದು 1973ರಲ್ಲಿ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವಂಥ ಪ್ರಮಾಣ ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ. ಆದರೆ "ಏಳು ತಿಂಗಳಾಯ್ತು, ಇನ್ನು ಬಿಟ್ಟೇನು ಪ್ರಯೋಜನ?" ಅನ್ನುವುದೂ ಸುಳ್ಳು. ಮಗುವಿನ ಮೆದುಳು ಕೊನೆಯ ತಿಂಗಳಲ್ಲೂ ಬೆಳೆಯುತ್ತಲೇ ಇರುತ್ತದೆ. ಬಿಟ್ಟ ದಿನದಿಂದಲೇ ಲಾಭ.

ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳ ಕಥೆಯೂ ಹೆಚ್ಚುಕಡಿಮೆ ಮದ್ಯದಂತೆಯೇ. ಇವನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ ಕಣ್ಣಳತೆಯಲ್ಲಿ ಹಂತಹಂತವಾಗಿ ಇಳಿಸಬೇಕು. ಗಾಂಜಾ, ಕೊಕೇನ್, ಮೆತ್ (ಮೆತಾಂಫೆಟಮೈನ್) ಇವುಗಳಿಗೆ ಬದಲಿಯಾಗಿ ಕೊಡುವ ಔಷಧಿ ಇಲ್ಲ. ಇಲ್ಲಿ ಕೆಲಸ ಮಾಡುವುದು ಕೌನ್ಸೆಲಿಂಗ್, ಪರೀಕ್ಷೆಯಲ್ಲಿ ಶುದ್ಧ ಅಂತ ಬಂದಾಗಲೆಲ್ಲ ಚಿಕ್ಕ ಬಹುಮಾನ ಕೊಡುವ ಪದ್ಧತಿ, ಜೊತೆಗಿರುವ ಜನ. ಕೊಕೇನ್, ಮೆತ್ ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಪಾತಾಳಕ್ಕೆ ಇಳಿಯುತ್ತದೆ. ಆಗ ಅವಳನ್ನು ಒಂಟಿಯಾಗಿ ಬಿಡಬೇಡಿ.

ತಂಬಾಕನ್ನು ಎಲ್ಲರೂ ಮರೆಯುತ್ತಾರೆ. "ದೊಡ್ಡದು ಬಿಡಲಿ, ಸಿಗರೇಟು ಆಮೇಲೆ ನೋಡೋಣ" ಅನ್ನುವ ಕೇಂದ್ರಗಳೂ ಇವೆ. ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮುಂಚೆ ಹೆರಿಗೆಯಾಗುವುದು, ಮಲಗಿದ್ದ ಕೂಸು ಹಠಾತ್ತಾಗಿ ತೀರಿಕೊಳ್ಳುವುದು, ಈ ಮೂರಕ್ಕೂ ತಂಬಾಕಿನ ನಂಟಿದೆ. ಎರಡನ್ನೂ ಒಟ್ಟಿಗೆ ಬಿಡಿಸಲು ನೆರವಾಗುವ ಕಡೆ ಹೋಗುವುದೇ ವಾಸಿ.

ಒಪಿಯಾಯ್ಡ್ ಆದರೆ: ಪೂರ್ತಿ ಬಿಡಿಸುವುದೋ, ಔಷಧಿಯ ಮೇಲೆ ಇಡುವುದೋ

ಹೆರಾಯಿನ್, ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಎಲ್ಲ ಒಂದೇ ಗುಂಪು. ಮನೆಯವರು ಅತಿ ಹೆಚ್ಚು ತಪ್ಪು ತೀರ್ಮಾನ ತೆಗೆದುಕೊಳ್ಳುವುದೂ ಇಲ್ಲೇ. ನಾವೂ ತೆಗೆದುಕೊಳ್ಳುವವರಿದ್ದೆವು.

ದಾರಿ ಎರಡಿದೆ. ಮೊದಲನೆಯದು ಡಿಟಾಕ್ಸ್. ಕೆಲವು ದಿನ ಅಥವಾ ವಾರಗಳಲ್ಲಿ ಎಲ್ಲವನ್ನೂ ಇಳಿಸಿ ಸೊನ್ನೆಗೆ ತರುವುದು. ಎರಡನೆಯದು ಅದೇ ಗುಂಪಿನದಾದರೂ ಪರಿಣಾಮ ಹೆಚ್ಚು ಹೊತ್ತು ನಿಲ್ಲುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧಿಯನ್ನು ದಿನಾ ಒಂದೇ ಅಳತೆಯಲ್ಲಿ ಕೊಟ್ಟು, ಬಸಿರು, ಹೆರಿಗೆ, ಬಾಣಂತನ ಎಲ್ಲ ದಾಟಿಸುವುದು. ಕೇಳಲು ಮೊದಲನೆಯದೇ ಚೆನ್ನಾಗಿರುತ್ತದೆ ಅಲ್ವಾ? ಆದರೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ತಂದ ಮಾರ್ಗಸೂಚಿ ಬಸುರಿಯರಿಗೆ ಎರಡನೆಯದನ್ನೇ ಹೇಳುತ್ತದೆ.

ಕಾರಣ ಹೀಗಿದೆ. ಡಿಟಾಕ್ಸ್ ಮುಗಿಸಿದವರಲ್ಲಿ ತುಂಬಾ ಜನ ಮತ್ತೆ ಅದೇ ವಸ್ತುವಿಗೆ ಹೋಗುತ್ತಾರೆ. ಅಷ್ಟರಲ್ಲಿ ದೇಹದ ತಾಳುವ ಶಕ್ತಿ ಇಳಿದಿರುತ್ತದೆ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ತೆಗೆದುಕೊಂಡರೂ ಉಸಿರು ನಿಂತುಹೋಗಬಹುದು. ಇತ್ತ ಬೀದಿಯ ವಸ್ತು ಅಥವಾ ಸಿಕ್ಕಾಗ ನುಂಗುವ ಮಾತ್ರೆ ರಕ್ತದಲ್ಲಿ ದಿನಕ್ಕೆ ನಾಲ್ಕಾರು ಸಲ ಏರಿಳಿಯುತ್ತದೆ. ಹೊಟ್ಟೆಯಲ್ಲಿರುವ ಮಗುವೂ ಆ ಏರಿಳಿತವನ್ನೆಲ್ಲ ತಾಳಬೇಕು. ದಿನಾ ಒಂದೇ ಅಳತೆಯ ಔಷಧಿ ಆ ಏರಿಳಿತವನ್ನು ನಿಲ್ಲಿಸುತ್ತದೆ.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗಾಯ್ತಲ್ಲ?" ಅಂತ ನಾನು ಕೇಳಿದ್ದೆ. ಉತ್ತರ ನನಗೆ ಸಿಕ್ಕಿದ್ದು ಎರಡು ವಾರದ ನಂತರ, ಮನೆಯಲ್ಲಿ. ಅಕ್ಕ ಬೆಳಿಗ್ಗೆ ಎದ್ದು, ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗುವ ತನಕ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮಗ ಅವಳ ಮೊಣಕಾಲು ಹಿಡಿದು ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಕರಗಿದ ಮೇಲೆ ಅವಳು ಅವನಿಗೆ ಬಟ್ಟೆ ಹಾಕಿದಳು, ತಿನ್ನಿಸಿದಳು. ಆಮೇಲೆ ಇಡೀ ದಿನ ಮಾತ್ರೆಯ ನೆನಪೇ ಅವಳ ಮುಖದಲ್ಲಿರಲಿಲ್ಲ. ಹಿಂದಿನ ವರ್ಷ ಅವಳ ದಿನ ಪೂರ್ತಿ ಮುಂದಿನ ಮಾತ್ರೆ ಎಲ್ಲಿ ಸಿಗುತ್ತದೆ ಅನ್ನುವುದರಲ್ಲೇ ಕಳೆಯುತ್ತಿತ್ತು.

ಇನ್ನು ಮೆಥಡೋನ್, ಬ್ಯುಪ್ರೆನಾರ್ಫಿನ್ ಎರಡರಲ್ಲಿ ಯಾವುದು? ಇದಕ್ಕೆ ಒಳ್ಳೆಯ ಹೋಲಿಕೆ ಸಿಗುವುದು 2010ರಲ್ಲಿ ಪ್ರಕಟವಾದ 'ಮದರ್' ಅನ್ನುವ ಅಧ್ಯಯನದಲ್ಲಿ. 175 ಬಸುರಿಯರಿಗೆ ಚೀಟಿ ಎತ್ತಿದ ಹಾಗೆ ಎರಡರಲ್ಲೊಂದು ಔಷಧಿ ಹಂಚಿದ್ದರು. ಹುಟ್ಟಿದ ಮೇಲೆ ಮೆಥಡೋನ್ ತಾಯಂದಿರ ಮಕ್ಕಳು ಸರಾಸರಿ 17.5 ದಿನ ಆಸ್ಪತ್ರೆಯಲ್ಲಿದ್ದರೆ, ಬ್ಯುಪ್ರೆನಾರ್ಫಿನ್ ತಾಯಂದಿರ ಮಕ್ಕಳು 10 ದಿನ ಇದ್ದರು. ಕೂಸುಗಳ ವಿತ್‌ಡ್ರಾಯಲ್ ಇಳಿಸಲು ಬೇಕಾದ ಮಾರ್ಫಿನ್ ಸರಾಸರಿ 10.4 ಮಿಲಿಗ್ರಾಂ ಬದಲು 1.1 ಮಿಲಿಗ್ರಾಂ. ಇಷ್ಟೇ ಓದಿದರೆ ಬ್ಯುಪ್ರೆನಾರ್ಫಿನ್ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಅರ್ಧಕ್ಕೇ ಬಿಟ್ಟು ಹೋದವರು ಮೆಥಡೋನ್ ಗುಂಪಿನಲ್ಲಿ ಶೇ. 18, ಬ್ಯುಪ್ರೆನಾರ್ಫಿನ್ ಗುಂಪಿನಲ್ಲಿ ಶೇ. 33. ನನಗೆ ಈ ಕೊನೆಯ ಲೆಕ್ಕವೇ ಮುಖ್ಯ ಅನಿಸುತ್ತದೆ. ಚಿಕಿತ್ಸೆ ಬಿಟ್ಟು ಹೋದ ತಾಯಿಗೆ ಯಾವ ಔಷಧಿ ಒಳ್ಳೆಯದಾದರೆ ಏನು ಬಂತು?

ಹಾಗಾಗಿ ನಾನು ಯೋಚಿಸುವುದು ಹೀಗೆ. ಈಗಾಗಲೇ ಮೆಥಡೋನ್ ಮೇಲೆ ನೆಮ್ಮದಿಯಾಗಿರುವವಳನ್ನು ಬಸಿರಿನಲ್ಲಿ ಬದಲಾಯಿಸಬೇಡಿ. ಹೊಸದಾಗಿ ಶುರು ಮಾಡುವವಳಿಗೆ, ಮನೆ ಸ್ವಲ್ಪ ಭದ್ರವಾಗಿದ್ದರೆ, ಬ್ಯುಪ್ರೆನಾರ್ಫಿನ್ ಬಗ್ಗೆ ಮೊದಲು ಕೇಳಿ. ಅದನ್ನು ಮನೆಗೆ ಕೊಡುವುದು ಸುಲಭ, ದಿನಾ ಮಗುವನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಹೋಗಬೇಕಿಲ್ಲ. ಆದರೆ ಮೊದಲ ಡೋಸಿಗೆ ಒಂದು ಕಷ್ಟ ಇದೆ. ಹಳೆಯ ವಸ್ತುವಿನ ಪರಿಣಾಮ ಇಳಿದು ಸ್ವಲ್ಪ ವಿತ್‌ಡ್ರಾಯಲ್ ಶುರುವಾದ ಮೇಲೆಯೇ ಕೊಡಬೇಕು. ಅವಸರ ಮಾಡಿದರೆ ತೀವ್ರ ವಿತ್‌ಡ್ರಾಯಲ್ ಒಮ್ಮೆಲೇ ಬಂದು ಅಪ್ಪಳಿಸುತ್ತದೆ. ಅಷ್ಟು ಹೊತ್ತು ಕಾಯಲಾಗದವಳಿಗೆ, ತುಂಬಾ ವರ್ಷದ ಹೆರಾಯಿನ್ ಅಭ್ಯಾಸ ಇರುವವಳಿಗೆ, ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳುವುದೇ ಅಪಾಯ ಅನಿಸುವವಳಿಗೆ ಮೆಥಡೋನ್ ಹೊಂದಬಹುದು. ದಿನಾ ಒಬ್ಬರು ಮುಖ ನೋಡಿ ಮಾತಾಡಿಸಿ ಔಷಧಿ ಕೊಡುವುದೇ ಕೆಲವರಿಗೆ ದೊಡ್ಡ ಆಸರೆ.

ಯಾವುದನ್ನು ಆರಿಸಿದರೂ ಮನೆಯವರು ಎರಡು ವಿಷಯ ತಿಳಿದಿರಬೇಕು. ಕೊನೆಯ ಮೂರು ತಿಂಗಳಲ್ಲಿ ದೇಹ ಔಷಧಿಯನ್ನು ಬೇಗ ಕರಗಿಸುತ್ತದೆ, ಅದರಲ್ಲೂ ಮೆಥಡೋನನ್ನು. ಆಗ ಡೋಸ್ ಏರಿಸುತ್ತಾರೆ ಅಥವಾ ದಿನಕ್ಕೆ ಎರಡು ಸಲ ಮಾಡುತ್ತಾರೆ. ಅವಳು ಹಾದಿ ತಪ್ಪುತ್ತಿದ್ದಾಳೆ ಅಂತ ಅರ್ಥವಲ್ಲ. "ಮಗುವಿಗೆ ಒಳ್ಳೆಯದಾಗಲಿ, ಸ್ವಲ್ಪ ಕಡಿಮೆ ತಗೋ" ಅಂತ ಒತ್ತಾಯ ಮಾಡುವುದೂ ಬೇಡ. ತಾಯಿಯ ಡೋಸ್ ಇಳಿಸಿದರೆ ಕೂಸಿನ ವಿತ್‌ಡ್ರಾಯಲ್ ಕಡಿಮೆಯಾಗುತ್ತದೆ ಅನ್ನುವುದು ಸರಿಯಲ್ಲ. ಇನ್ನೊಂದು, ಹೆರಿಗೆ ನೋವಿಗೆ ಈ ಔಷಧಿ ಸಾಲದು, ಬೇರೆ ನೋವು ನಿವಾರಕ ಬೇಕೇ ಬೇಕು. ದಿನದ ಡೋಸೂ ತಪ್ಪಬಾರದು. ಪೆಂಟಜೋಸಿನ್, ಬ್ಯುಟಾರ್ಫನಾಲ್, ನಾಲ್ಬುಫಿನ್ ಅನ್ನುವ ಇಂಜೆಕ್ಷನ್‌ಗಳು ಇವಳಿಗೆ ವಿತ್‌ಡ್ರಾಯಲ್ ತರಿಸಬಲ್ಲವು. ಇಷ್ಟನ್ನೂ ಫೈಲಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿಡಿ. ನೋವು ಬಂದ ರಾತ್ರಿ ಡ್ಯೂಟಿಯಲ್ಲಿ ಯಾರಿರುತ್ತಾರೋ ಯಾರಿಗೆ ಗೊತ್ತು!

ಎಲ್ಲಿ ಚಿಕಿತ್ಸೆ: ಮನೆಯಿಂದ ಓಡಾಡಿಯೋ, ಒಳಗೆ ಸೇರಿಯೋ

ಮನೆಯಲ್ಲೇ ಇದ್ದು ವಾರಕ್ಕಿಷ್ಟು ದಿನ ಹೋಗಿಬರುವುದು ಹೆಚ್ಚಿನ ತಾಯಂದಿರಿಗೆ ಸಾಧ್ಯವಾಗುವ ದಾರಿ. ಮಗು ತನ್ನ ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ ಇರುತ್ತದೆ. ಕೆಲಸ ಇದ್ದರೆ ಅದೂ ಉಳಿಯುತ್ತದೆ. ಆದರೆ ಇದು ಫಲ ಕೊಡಬೇಕಾದರೆ ಮನೆ ನೆಟ್ಟಗಿರಬೇಕು. ಗಂಡನೋ, ಜೊತೆಗಿರುವವರೋ ಅದೇ ವಸ್ತು ಬಳಸುತ್ತಿದ್ದರೆ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಈ ದಾರಿಯನ್ನು ಒಳ್ಳೆಯದು ಅಂತ ಹೇಳಲು ನನಗೆ ಧೈರ್ಯವಿಲ್ಲ. ದಿನದ ಕೆಲವು ಗಂಟೆ ಅಲ್ಲೇ ಇದ್ದು ಸಂಜೆ ಮನೆಗೆ ಬರುವ ಡೇ ಕೇರ್ ಪದ್ಧತಿ ನಡುವಿನದು. ಬೆಂಬಲ ಜಾಸ್ತಿ ಸಿಗುತ್ತದೆ. ಆ ಗಂಟೆಗಳಲ್ಲಿ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲೇ ಇದೆಯೇ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಳಗೆ ಸೇರುವುದರಲ್ಲಿ ಎರಡು ಬಗೆ. ಒಬ್ಬಳೇ ಸೇರುವುದು, ಮಗುವಿನೊಂದಿಗೆ ಸೇರುವುದು. ಒಬ್ಬಳೇ ಸೇರುವ ಕೇಂದ್ರಗಳು ಸುಲಭವಾಗಿ ಸಿಗುತ್ತವೆ. ಮೊದಲ ಬಸಿರಾಗಿದ್ದು, ಮನೆ ಅಪಾಯದ್ದಾಗಿದ್ದರೆ ಇದು ಒಳ್ಳೆಯ ಆಯ್ಕೆಯೇ. ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ ಮಾತ್ರ ತಾಯಿಯ ಅರ್ಧ ಮನಸ್ಸು ಅಲ್ಲೇ ಇರುತ್ತದೆ. ಮಗುವಿಗೆ ಜ್ವರ ಅಂತ ಒಂದು ಫೋನ್ ಬಂದರೆ ಸಾಕು, ಅವಳು ಚೀಲ ಕಟ್ಟುತ್ತಾಳೆ. ಅದನ್ನು ಅವಳ ದೌರ್ಬಲ್ಯ ಅನ್ನಬಾರದು.

ಮಕ್ಕಳೊಂದಿಗೆ ಸೇರುವ ಕೇಂದ್ರಗಳು ಕಡಿಮೆ, ಕಾಯುವ ಪಟ್ಟಿ ಉದ್ದ. ಸಿಕ್ಕಿದರೆ ನಾನು ಇದನ್ನೇ ಮೇಲಿಡುತ್ತೇನೆ. ಇಂಥ ಕಡೆ ಮಗುವನ್ನು ಸಾಕುವುದನ್ನೂ ಚಿಕಿತ್ಸೆಯ ಭಾಗವಾಗಿಯೇ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಮಗು ಅಳುವಾಗ ಮಾತ್ರೆ ಬೇಕು ಅನಿಸಿದರೆ ಏನು ಮಾಡಬೇಕು ಅನ್ನುವುದನ್ನು ಕಲಿಯಲು ಅದೇ ಹೊತ್ತು ಬೇಕಲ್ಲ? ಮಗುವಿಲ್ಲದ ಕೋಣೆಯಲ್ಲಿ ತೊಂಬತ್ತು ದಿನ ಶುದ್ಧವಾಗಿದ್ದವಳು ಮನೆಗೆ ಬಂದ ಮೊದಲ ರಾತ್ರಿಯೇ ತತ್ತರಿಸಬಹುದು.

ಇವೆಲ್ಲಕ್ಕಿಂತ ಕೈಗೆಟಕುವ ಇನ್ನೊಂದು ಬಗೆ ಇದೆ. ಹೆರಿಗೆ ವಿಭಾಗದಲ್ಲೇ ವ್ಯಸನದ ಕ್ಲಿನಿಕ್ ಕೂಡ ನಡೆಸುವ ಆಸ್ಪತ್ರೆಗಳು. ಬಸಿರಿನ ತಪಾಸಣೆ, ಔಷಧಿ, ಕೌನ್ಸೆಲಿಂಗ್ ಎಲ್ಲ ಒಂದೇ ಸೂರಿನಡಿ, ಒಂದೇ ದಿನ. ಅಕ್ಕ ಕೊನೆಗೆ ಸೇರಿದ್ದು ಇಂಥದ್ದಕ್ಕೆ. ಎರಡು ಕಡೆ ಎರಡು ಸಲ ತನ್ನ ಕಥೆ ಹೇಳುವ ಕಷ್ಟ ಅವಳಿಗೆ ತಪ್ಪಿತು. ಕಾಯುವ ಬೆಂಚಿನಲ್ಲಿ ಎಲ್ಲರೂ ಬಸುರಿಯರೇ, ಯಾರು ಯಾತಕ್ಕೆ ಬಂದಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ.

ಒಂದು ಕೇಂದ್ರಕ್ಕೆ ಫೋನ್ ಮಾಡಿದಾಗ ಏನು ಕೇಳಬೇಕು? ಮಗು ಜೊತೆಗಿರಬಹುದೇ, ಎಷ್ಟು ವಯಸ್ಸಿನವರೆಗೆ, ಎಷ್ಟು ಮಕ್ಕಳು ಅನ್ನುವುದು ಮೊದಲು. ಗುಂಪು ಕೌನ್ಸೆಲಿಂಗ್ ನಡೆಯುವಾಗ ಮಗುವನ್ನು ಯಾರು ನೋಡುತ್ತಾರೆ? ಹೆಂಗಸರಿಗೇ ಬೇರೆ ಜಾಗ, ಹೆಂಗಸರೇ ಸಿಬ್ಬಂದಿ ಇದ್ದಾರಾ? ವ್ಯಸನಕ್ಕೆ ಸಿಕ್ಕ ಹೆಂಗಸರಲ್ಲಿ ಹಿಂಸೆ ಅನುಭವಿಸಿದವರು ಬಹಳ. ಗಂಡಸರ ಜೊತೆ ಒಂದೇ ವಾರ್ಡಿನಲ್ಲಿ ಅವರು ಬಾಯಿ ಬಿಡುವುದಿಲ್ಲ. ಬಸಿರಿನ ತಪಾಸಣೆಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ಮೆಥಡೋನ್, ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಳ್ಳುತ್ತಾರಾ? "ನಮ್ಮಲ್ಲಿ ಯಾವ ಔಷಧಿಯೂ ಇಲ್ಲ, ಪೂರ್ತಿ ಬಿಡಿಸಿಯೇ ಕಳಿಸುತ್ತೇವೆ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಒಪಿಯಾಯ್ಡ್ ಅವಲಂಬನೆ ಇರುವ ಬಸುರಿಯನ್ನು ಅಲ್ಲಿಗೆ ಕಳಿಸಬೇಡಿ. ಒಮ್ಮೆ ಜಾರಿದರೆ ಹೊರಗೆ ಹಾಕುತ್ತಾರಾ ಅಂತಲೂ ಕೇಳಿ. ಜಾರಿದ ದಿನವೇ ಅವಳಿಗೆ ಚಿಕಿತ್ಸೆ ಜಾಸ್ತಿ ಬೇಕು.

ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್‌ನಂಥ ಗುಂಪುಗಳ ಬಗ್ಗೆ ಒಂದು ಮಾತು. 1935ರಲ್ಲಿ ಶುರುವಾದ ಈ ಪದ್ಧತಿ ಲಕ್ಷಾಂತರ ಜನರಿಗೆ ನೆರವಾಗಿದೆ. ಬಿಟ್ಟ ಮೇಲೆ ಹಾಗೇ ಉಳಿಯಲು ಇದು ಬಲವಾದ ಊರುಗೋಲು. ವಿತ್‌ಡ್ರಾಯಲ್‌ಗೆ, ಬಸಿರಿನ ಆರೈಕೆಗೆ ಮಾತ್ರ ಇದು ಬದಲಿಯಾಗಲಾರದು. ಹೆಂಗಸರದೇ ಗುಂಪು ಹತ್ತಿರದಲ್ಲಿದ್ದರೆ ಅದನ್ನೇ ಹುಡುಕಿ.

ಹೆರಿಗೆ ಎಲ್ಲಿ: ಕೂಸನ್ನು ಹೇಗೆ ನೋಡುತ್ತಾರೆ ಅಂತ ಕೇಳಿಕೊಳ್ಳಿ

ಒಪಿಯಾಯ್ಡ್ ಅಥವಾ ಅದರ ಬದಲಿ ಔಷಧಿ ತೆಗೆದುಕೊಂಡ ತಾಯಿಯ ಕೂಸಿಗೆ ಹುಟ್ಟಿದ ಮೇಲೆ ವಿತ್‌ಡ್ರಾಯಲ್ ಬರಬಹುದು. ಸಾಮಾನ್ಯವಾಗಿ ಎರಡು ಮೂರನೇ ದಿನ ಕಾಣುತ್ತದೆ, ಕೆಲವೊಮ್ಮೆ ಐದನೇ ದಿನ. ಹಾಗಾಗಿ ಎರಡನೇ ದಿನಕ್ಕೇ ಡಿಸ್ಚಾರ್ಜ್ ಕೇಳಬೇಡಿ. ಇದಕ್ಕೆ ಚಿಕಿತ್ಸೆ ಇದೆ, ಇದು ಕಳೆಯುತ್ತದೆ.

ಹಳೆಯ ಪದ್ಧತಿಯಲ್ಲಿ ಕೂಸನ್ನು ಬೇರೆ ವಾರ್ಡಿಗೆ ಒಯ್ದು, ನಡುಕ, ಸೀನು, ಅಳು ಅಂತ ಉದ್ದ ಪಟ್ಟಿ ಹಿಡಿದು ಕೆಲವು ಗಂಟೆಗೊಮ್ಮೆ ಅಂಕ ಹಾಕುತ್ತಾರೆ. ಅಂಕ ಜಾಸ್ತಿಯಾದರೆ ಮಾರ್ಫಿನ್. 1970ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಲೊರೆಟ್ಟಾ ಫಿನೆಗನ್ ಮಾಡಿದ ಪಟ್ಟಿ ಅದು, ಅದರ ಕಾಲಕ್ಕೆ ದೊಡ್ಡ ಉಪಕಾರವನ್ನೇ ಮಾಡಿತು. ಹೊಸ ಪದ್ಧತಿ ಮೂರೇ ವಿಷಯ ನೋಡುತ್ತದೆ. ಮಗು ಸರಿಯಾಗಿ ಹಾಲು ಕುಡಿಯುತ್ತದೆಯೇ? ಒಂದು ಗಂಟೆ ನಿದ್ದೆ ಮಾಡುತ್ತದೆಯೇ? ಅತ್ತರೆ ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತದೆಯೇ? ಮೂರಕ್ಕೂ ಹೌದು ಅಂತ ಬಂದರೆ ಔಷಧಿ ಬೇಡ, ತಾಯಿಯ ತೋಳೇ ಮೊದಲ ಚಿಕಿತ್ಸೆ. ಅಮೆರಿಕದ 26 ಆಸ್ಪತ್ರೆಗಳಲ್ಲಿ 1,305 ಕೂಸುಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2023ರಲ್ಲಿ ಬಂತು. ಮನೆಗೆ ಹೋಗಲು ತಯಾರಾಗಲು ಹಳೆಯ ರೀತಿಯಲ್ಲಿ ಸರಾಸರಿ 14.9 ದಿನ, ಹೊಸ ರೀತಿಯಲ್ಲಿ 8.2 ದಿನ. ಔಷಧಿ ಬೇಕಾದ ಕೂಸುಗಳು ಶೇ. 52ರಿಂದ ಶೇ. 19.5ಕ್ಕೆ ಇಳಿದವು.

ಅಕ್ಕನ ಮಗಳು ಹುಟ್ಟಿದ ಮೂರನೇ ದಿನ ಮಧ್ಯಾಹ್ನ ಗಲ್ಲ ಅದುರಲು ಶುರುವಾಯಿತು. ಅಳು ಕೀರಲಾಗಿತ್ತು, ನಿಲ್ಲುತ್ತಲೇ ಇರಲಿಲ್ಲ. ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು, ಮೊಲೆ ಬಾಯಿಗೆ ಬಂದರೆ ಹಿಡಿಯಲಾಗುತ್ತಿರಲಿಲ್ಲ. ಅಕ್ಕ "ನನ್ನಿಂದ, ನನ್ನಿಂದ" ಅನ್ನುತ್ತಿದ್ದಳು. ನರ್ಸ್ ಬಂದವರು ಮೊದಲು ಮಾಡಿದ ಕೆಲಸ, ಲೈಟ್ ಆರಿಸಿದ್ದು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ಕೂಸಿನ ಬಟ್ಟೆ ಬಿಚ್ಚಿ ಅಕ್ಕನ ಎದೆಯ ಮೇಲೆ ಮಲಗಿಸಿ ಮೇಲೊಂದು ಹೊದಿಕೆ ಹಾಕಿದರು. ಬಾಗಿಲ ಸಂದಿಯಿಂದ ನೋಡಿದೆ. ಹೊದಿಕೆಯ ಅಡಿ ಆ ಪುಟ್ಟ ಬೆನ್ನಿನ ನಡುಕ ನಿಧಾನವಾಗಿ ದೂರದೂರ ಆಗುತ್ತಾ ಬಂತು. ಐದು ದಿನ ಹೀಗೇ ನಡೆಯಿತು. ಮಾರ್ಫಿನ್ ಬೇಕಾಗಲಿಲ್ಲ. ಬೇಕಾಗಿದ್ದರೂ ಅದು ಸೋಲಾಗುತ್ತಿರಲಿಲ್ಲ, ಕೆಲವು ಕೂಸುಗಳಿಗೆ ಬೇಕಾಗುತ್ತದೆ.

ಹಾಗಾಗಿ ಹೆರಿಗೆ ಆಸ್ಪತ್ರೆ ಆರಿಸುವಾಗ ಕೂಸು ತಾಯಿಯ ಕೋಣೆಯಲ್ಲೇ ಇರುತ್ತದೆಯೇ ಅಂತ ಕೇಳಿ. ಹಾಲೂಡಿಸುವುದರ ಬಗ್ಗೆಯೂ ಕೇಳಿ. ಮೆಥಡೋನ್, ಬ್ಯುಪ್ರೆನಾರ್ಫಿನ್ ಎದೆಹಾಲಿಗೆ ಬರುವುದು ಬಹಳ ಕಡಿಮೆ. ತಾಯಿ ಔಷಧಿಯ ಮೇಲೆ ಸ್ಥಿರವಾಗಿದ್ದರೆ ಹಾಲೂಡಿಸುವುದನ್ನು ಪ್ರೋತ್ಸಾಹಿಸುತ್ತಾರೆ, ಕೂಸಿನ ವಿತ್‌ಡ್ರಾಯಲ್ ಕೂಡ ಇದರಿಂದ ಹಗುರವಾಗುತ್ತದೆ. ಬೇರೆ ವಸ್ತುಗಳ ಬಳಕೆ ಇನ್ನೂ ನಡೆದಿದ್ದರೆ, ಎಚ್‌ಐವಿ ಇದ್ದರೆ, ಡಾಕ್ಟರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು.

ಮನೆಯವರು: ಯಾವ ಬೆಂಬಲ ಕೆಲಸಕ್ಕೆ ಬರುತ್ತದೆ

ನಾನು ಮೊದಮೊದಲು ಅಕ್ಕನ ಚೀಲ ತಪಾಸಣೆ ಮಾಡುತ್ತಿದ್ದೆ. ಮಾತ್ರೆ ಎಣಿಸುತ್ತಿದ್ದೆ. ಅವಳು ಬಚ್ಚಲಲ್ಲಿ ಐದು ನಿಮಿಷ ಜಾಸ್ತಿ ಇದ್ದರೆ ಬಾಗಿಲು ತಟ್ಟುತ್ತಿದ್ದೆ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಅವಳು ನನ್ನ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದಳು. ಮೇಲೆ ಹೇಳಿದ ಕ್ಲಿನಿಕ್‌ನಲ್ಲಿ ಮನೆಯವರನ್ನೂ ಕೂರಿಸಿ ಮಾತಾಡಿದ ಮೇಲೆ ಕೆಲಸ ಹಂಚಿಕೊಂಡೆವು. ಬೆಳಿಗ್ಗೆ ಮಗನನ್ನು ಭಾವ ನೋಡಿಕೊಳ್ಳುವುದು. ಕ್ಲಿನಿಕ್ ದಿನ ಜೊತೆಗೆ ಹೋಗುವುದು ನಾನು. ರಾತ್ರಿ ಒಂದು ಸಲ ಕೂಸನ್ನು ಅಮ್ಮ ಎತ್ತಿಕೊಳ್ಳುವುದು, ಅಕ್ಕನಿಗೆ ನಾಲ್ಕು ಗಂಟೆ ನಿದ್ದೆ. ನಿದ್ದೆಗೆಟ್ಟ ಬಾಣಂತಿಗೆ ಹಳೆಯ ದಾರಿ ಬೇಗ ನೆನಪಾಗುತ್ತದೆ. ಪರೀಕ್ಷೆ ಮಾಡುವ ಕೆಲಸವನ್ನು ಕ್ಲಿನಿಕ್‌ಗೇ ಬಿಟ್ಟೆವು.

ಮನೆಯ ಹೊರಗಿನ ಬೆಂಬಲದಲ್ಲೂ ಬಗೆಗಳಿವೆ. ಮನೆಗೇ ಬಂದು ತಾಯಿ ಮಗು ಇಬ್ಬರನ್ನೂ ನೋಡುವ ನರ್ಸ್ ಅಥವಾ ಆರೋಗ್ಯ ಕಾರ್ಯಕರ್ತೆ ಇದ್ದರೆ ಬಾಣಂತನದ ಮೊದಲ ತಿಂಗಳುಗಳಿಗೆ ಅದಕ್ಕಿಂತ ಹೊಂದುವುದು ಬೇರೆ ಇಲ್ಲ. ಇದೇ ದಾರಿ ದಾಟಿ ಬಂದ ಇನ್ನೊಬ್ಬ ತಾಯಿ ಫೋನಿಗೆ ಸಿಕ್ಕರೆ ಅಕ್ಕ ತಂಗಿಯರಿಗೂ ಹೇಳಲಾಗದ್ದನ್ನು ಅವಳಿಗೆ ಹೇಳಬಹುದು. ಮನೆಯವರಿಗೂ ಬೇರೆಯದೇ ಗುಂಪುಗಳಿವೆ. ಅಲ್-ಅನಾನ್ 1951ರಿಂದ ಕುಡಿಯುವವರ ಮನೆಯವರಿಗೆ ಅಂತಲೇ ನಡೆಯುತ್ತಿದೆ. ಗಂಡನೂ ಬಳಸುತ್ತಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಶುರು ಮಾಡಿಸಿ. ಒಬ್ಬಳೇ ಬಿಟ್ಟು ಅದೇ ಮನೆಯಲ್ಲಿ ಉಳಿಯುವುದು ಬಹಳ ಕಷ್ಟ.

ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯದಿಂದಲೇ ಅನೇಕ ತಾಯಂದಿರು ಡಾಕ್ಟರ ಹತ್ತಿರ ಬಾಯಿ ಬಿಡುವುದಿಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಏನನ್ನು, ಯಾರಿಗೆ, ಯಾವಾಗ ತಿಳಿಸುತ್ತಾರೆ ಅಂತ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ತಾಯಿಗೆ ಆಗದ ದಿನ ಮಗು ಯಾರ ಹತ್ತಿರ, ಎಷ್ಟು ದಿನ, ಆಸ್ಪತ್ರೆ ಖರ್ಚು ಯಾರದು ಅನ್ನುವುದನ್ನು ಹೆರಿಗೆಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಅವಳ ಕೈಯಿಂದಲೇ ಸಹಿ ಹಾಕಿಸಿಡಿ. ಸ್ವಲ್ಪ ದಿನ ಮಗುವನ್ನು ಬೇರೆಯವರು ನೋಡಿಕೊಳ್ಳಲೇಬೇಕಾದರೆ ಅಪರಿಚಿತರಿಗಿಂತ ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರಾದರೂ ಆಗುವುದು ಮಗುವಿಗೆ ಒಳ್ಳೆಯದು. ತಾಯಿ ದಿನಾ ಬಂದು ನೋಡಲು, ಎತ್ತಿಕೊಳ್ಳಲು ಅಲ್ಲಿ ಅಡ್ಡಿ ಇರಬಾರದು.

ಮನೆಯೊಳಗೆ ಮೂರು ವಿಷಯ ಮಾತ್ರ ಕಟ್ಟುನಿಟ್ಟು. ಔಷಧಿ ಬೀಗ ಹಾಕಿದ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ. ದೊಡ್ಡವರ ಒಂದೇ ಡೋಸ್ ಚಿಕ್ಕ ಮಗುವಿನ ಉಸಿರು ನಿಲ್ಲಿಸಬಲ್ಲದು. ಎರಡನೆಯದು, ಮಂಪರು ಬರುವ ಔಷಧಿ ತೆಗೆದುಕೊಂಡಾಗ, ಕುಡಿದಾಗ ಕೂಸನ್ನು ಅದೇ ಹಾಸಿಗೆಯಲ್ಲಿ ಮಲಗಿಸಬಾರದು, ಪಕ್ಕದ ತೊಟ್ಟಿಲಿನಲ್ಲಿರಲಿ. ಮೂರನೆಯದು, ಒಪಿಯಾಯ್ಡ್ ಇರುವ ಮನೆಯಲ್ಲಿ ನಲಾಕ್ಸೋನ್ (ಒಪಿಯಾಯ್ಡ್ ಓವರ್‌ಡೋಸ್ ಆದಾಗ ಉಸಿರು ಮರಳಿಸುವ ಔಷಧಿ) ಇರಬೇಕು, ಬಳಸಲು ಮನೆಯಲ್ಲಿ ಇಬ್ಬರಿಗಾದರೂ ಬರಬೇಕು. ಉಸಿರು ನಿಲ್ಲುತ್ತಿದ್ದರೆ ಬಸುರಿಗೂ ಅದನ್ನು ಕೊಡಲೇಬೇಕು.

ಕೊನೆಯದಾಗಿ, ಎಲ್ಲ ಕೇಂದ್ರಗಳಿಗೂ ಕೇಳಬೇಕಾದ ಒಂದು ಪ್ರಶ್ನೆ ಉಳಿದಿದೆ. ಹೆರಿಗೆಯಾದ ಮೇಲೆ ಎಷ್ಟು ದಿನ ಜೊತೆಗಿರುತ್ತೀರಿ? ಬಹಳ ಕಡೆ ಆರು ವಾರಕ್ಕೆ ಫೈಲ್ ಮುಚ್ಚುತ್ತಾರೆ. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಪಿಯಾಯ್ಡ್ ವ್ಯಸನ ಇದ್ದ ತಾಯಂದಿರ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓವರ್‌ಡೋಸ್ ಅತಿ ಕಡಿಮೆ ಇದ್ದದ್ದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಅತಿ ಹೆಚ್ಚು ಕಂಡದ್ದು ಹೆರಿಗೆಯಾದ 7ರಿಂದ 12ನೇ ತಿಂಗಳ ನಡುವೆ. ಆ ಹೊತ್ತಿಗೆ ನೆಂಟರು ನೋಡಲು ಬರುವುದು ನಿಂತಿರುತ್ತದೆ, ಬಾಣಂತನ ಮುಗಿದಿರುತ್ತದೆ, ಎಲ್ಲ ಸರಿಹೋಯಿತು ಅಂತ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋಗಿರುತ್ತೇವೆ. ಬಾಣಂತಿಯ ಖಿನ್ನತೆಯೂ ಇದೇ ಕಾಲದಲ್ಲಿ ಸದ್ದಿಲ್ಲದೆ ಕೂತಿರಬಹುದು. ಒಂದು ವರ್ಷವಾದರೂ ಬಿಡದೆ ನೋಡುವ ಜಾಗಕ್ಕೆ, ಅದು ಸ್ವಲ್ಪ ದೂರವಾದರೂ, ನನ್ನ ಓಟು.

ಮಗಳಿಗೆ ಹತ್ತು ತಿಂಗಳಾಗಿದ್ದಾಗ ಒಂದು ರಾತ್ರಿ ಹನ್ನೊಂದೂವರೆಗೆ ಅಕ್ಕನ ಫೋನ್ ಬಂತು. "ಇವತ್ತು ಆಗ್ತಾ ಇಲ್ಲ ಕಣೇ" ಅಂದಳು, ಅಷ್ಟೇ. ನಾನು ಹೋಗಿ ಮಕ್ಕಳಿಬ್ಬರ ಪಕ್ಕ ಮಲಗಿದೆ. ಅವಳು ಬೆಳಗಿನವರೆಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ಅಮ್ಮ ಅವಳ ಪಕ್ಕ. ಬೆಳಿಗ್ಗೆ ಎಂಟಕ್ಕೆ ಕೂಸನ್ನೂ ಕರೆದುಕೊಂಡೇ ಕ್ಲಿನಿಕ್‌ಗೆ ಹೋದೆವು. ಆ ವಾರ ಅವಳ ಡೋಸ್ ಬದಲಾಯಿಸಿದರು, ಖಿನ್ನತೆಗೆ ಔಷಧಿ ಶುರು ಮಾಡಿದರು, ಕೌನ್ಸೆಲಿಂಗ್ ವಾರಕ್ಕೆ ಎರಡು ಸಲ ಆಯಿತು.